ನೀರಿನ ಮ್ಯಾಲ ‘ಬರ್ತೇನ್ರಿ’ ಅನ್ನಬಾರದು

ಜಗತ್ತಿನ ಯಾವ ಮೂಲೆಗೆ ಹೋದರೂ, ಕೈಗೊಂದು ರೇಡಿಯೋ ಸಿಕ್ಕಿತೆಂದರೆ ಮನುಷ್ಯ ಏನಾದರೊಂದು ಅಧ್ವಾನ ಮಾಡಿಯೇ ತೀರುತ್ತಾನೆ. ಇದನ್ನು ನಾನು ಬೇರೆ ಬೇರೆ ಸಮುದ್ರಗಳ ಮೇಲೆ ಕೂತು ಖಾತ್ರಿ ಮಾಡಿಕೊಂಡಿದ್ದೇನೆ. ಸರಕು ಹಡಗುಗಳ ರೇಡಿಯೋ ಕೋಣೆಯಲ್ಲಿ ಅರ್ಧ ಆಯುಷ್ಯ ಕಳೆದವಳು ನಾನು. ಮೊಂಬಾಸಾದ ಹತ್ತಿರ ಒಬ್ಬ ಕ್ಯಾಪ್ಟನ್ ಮಾತಾಡುವ ಗುಂಡಿ ಒತ್ತಿಕೊಂಡೇ ನಿದ್ದೆಹೋಗಿ, ಇಡೀ ಬಂದರಿಗೆ ಗೊರಕೆ ಕೇಳಿಸಿದ್ದ. ಸಿಂಗಾಪುರದಲ್ಲಿ ಒಬ್ಬ ಅಡುಗೆಯವನು ಅಪಾಯದ ಚಾನೆಲ್ಲಿನಲ್ಲಿ ಮೀನಿನ ರೇಟು ಕೇಳಿ ಮೂರು ದೇಶದವರಿಂದ ಬೈಸಿಕೊಂಡಿದ್ದ. ಇದೆಲ್ಲ ಸಾಕಪ್ಪಾ ಎಂದು ಶಹಾಪುರಕ್ಕೆ ವಾಪಸು ಬಂದು, ಸಮುದ್ರದ ವಾಸನೆಯೂ ಬಡಿಯದ ಓಣಿಯಲ್ಲಿ ಮನೆ ಮಾಡಿದೆ. ರೇಡಿಯೋ ವಿಳಾಸ ಕೇಳಿಕೊಂಡು ಅಲ್ಲಿಗೇ ಬಂತು.

೧. ಹತ್ತಿರದ ಬಂದರು

ಬಂದವನು ಸುರಪುರದ ಕಡೆಯ ಒಬ್ಬ ಅಂಬಿಗ. ಕೃಷ್ಣೆಯ ನಡುವೆ ಒಂದು ಗಡ್ಡಿ, ಗಡ್ಡಿಯ ಮೇಲೊಂದು ಊರು. ಆ ಊರಿಗೂ ದಂಡೆಗೂ ನಡುವೆ ಎಂಜಿನ್ ದೋಣಿ ಅಂತ ಇರುವುದು ಇವನದೊಂದೇ. ದೋಣಿ ನಿಂತರೆ ಮಳೆಗಾಲವಿಡೀ ಗಡ್ಡಿಯವರು ಗಡ್ಡಿಯಲ್ಲೇ, ಇವನು ಮನೆಯಲ್ಲೇ.

‘ಬಾಯಾರ, ಹೊಸಾ ಕಾಯ್ದಾ ಬಂದದಂತ್ರಿ. ಕೈಯಾಗ ಹಿಡಿಯೋ ಸಮುದ್ರದ ರೇಡಿಯೋ ಇರಬೇಕಂತ, ಅದನ್ನ ಬರೋಬರಿ ಮಾತಾಡಾಕ ಬರಬೇಕಂತ. ಇಲ್ಲಂದ್ರ ದೋಣಿ ಬಂದ್. ಹೊಳಿ ತುಂಬೂಕಿಂತ ಮೊದಲ ಸಾಹೇಬ್ರು ಪರೀಕ್ಷಾ ಮಾಡಾಕ ಬರ್ತಾರ. ನೀವು ಹಡಗಿನ್ಯಾಗ ಇದ್ದವ್ರು, ಜರಾ ಕಲಿಸಿಕೊಡ್ರಿ.’

ಕಾಯ್ದೆಯ ಹಾಳೆ ಓದಿದೆ. ಯಾವುದೋ ಕರಾವಳಿಗೆ ಬರೆದದ್ದನ್ನು ಯಾವನೋ ಪುಣ್ಯಾತ್ಮ ಹೆಸರು ಬದಲಿಸಿ ನಮಗೂ ಕಳಿಸಿದ್ದ. ಅದರಲ್ಲಿ, ‘ಅಪಾಯದ ಸಮಯದಲ್ಲಿ ಕೂಡಲೇ ಹತ್ತಿರದ ಬಂದರನ್ನು ಸಂಪರ್ಕಿಸತಕ್ಕದ್ದು’ ಎಂದಿತ್ತು. ಕೈ ರೇಡಿಯೋದ ಮಾತು ಕಣ್ಣಿಗೆ ಕಾಣುವಷ್ಟು ದೂರ ಹೋದರೆ ಅದೇ ಹೆಚ್ಚು. ನಮಗೂ ಹತ್ತಿರದ ಬಂದರಿಗೂ ನಡುವೆ ಇಡೀ ಸಹ್ಯಾದ್ರಿ ಅಡ್ಡ ಮಲಗಿದೆ.

‘ಬಂದರಿನವ್ರಿಗೆ ಕೇಳಿಸಂಗಿಲ್ಲಪಾ’ ಎಂದೆ.

ಅಂಬಿಗ ಬಹಳ ಸಮಾಧಾನದಿಂದ ಹೇಳಿದ: ‘ಕೇಳಿಸಲಾರದಕ್ಕ ಏನಾತ್ರಿ? ಯಾದಗಿರಿ ಆಫೀಸಿನವ್ರಿಗೆ ಎದುರಿಗೆ ನಿಂತು ಹೇಳಿದ್ರೂ ಕೇಳಿಸಂಗಿಲ್ಲ. ನಮಗೂ ಅವ್ರಿಗೂ ನಡುವ ಯಾವ ಗುಡ್ಡ ಅದ?’

೨. ಖಾಲಿ ಜಾಗ

ರೇಡಿಯೋ ಕೊಳ್ಳಲು ಶಹಾಪುರದ ಒಂದು ಅಂಗಡಿಗೆ ಹೋದೆವು. ಮದುವೆ ಮಂಟಪದವರಿಗೆ, ಹತ್ತಿ ಮಿಲ್ಲಿನವರಿಗೆ ವಾಕಿಟಾಕಿ ಮಾರುವ ಅಂಗಡಿ. ಮಾಲಕ ಒಂದು ಸಮುದ್ರದ ಸೆಟ್ಟನ್ನು ಮಂಡಕ್ಕಿ ಪೊಟ್ಟಣದಂತೆ ಕೈಗಿಟ್ಟ.

‘ಪರವಾನಗಿ?’ ಎಂದೆ.

‘ಪರವಾನಗಿ ಯಾಕ್ರಿ, ಇದೇನು ಬಂದೂಕೇನು?’

‘ಸೆಟ್ಟಿಗೂ ಪರವಾನಗಿ ಬೇಕು, ಅದರಾಗ ಮಾತಾಡಾಂವಗೂ ಬೇಕು.’

ಮಾಲಕ ನನ್ನನ್ನು ಮೇಲಿಂದ ಕೆಳಗೆ ನೋಡಿದ. ‘ಮಾತಾಡಾಕೂ ಪರವಾನಗಿ ಬೇಕಂದ್ರ ನಮ್ಮ ಓಣ್ಯಾಗ ಅರ್ಧ ಮಂದಿ ಜೇಲಿನ್ಯಾಗ ಇರಬೇಕಿತ್ತು, ತಗೋರಿ.’

ಆಮೇಲೆ ಸೆಟ್ ಎಷ್ಟು ಚಂದ ಕೆಲಸ ಮಾಡುತ್ತದೆಂದು ತೋರಿಸಲು, ಗುಂಡಿ ಒತ್ತಿ, ಎದುರಿನ ಹೋಟೆಲಿಗೆ ಎರಡು ಚಹಾ ಹೇಳಿದ. ಹೋಟೆಲಿನವನಿಗೂ ಒಂದು ಸೆಟ್ ಕೊಟ್ಟಿದ್ದನಂತೆ. ಒಣ ನೆಲದ ಮೇಲೆ ನಿಂತು ಸಮುದ್ರದ ರೇಡಿಯೋದಲ್ಲಿ ಚಹಾ ತರಿಸುವುದೇ ತಪ್ಪು. ಅದು ಸಾಲದೆಂದು ಇವನು ಹಾಕಿದ್ದು ಹದಿನಾರನೇ ಚಾನೆಲ್.

‘ಅಯ್ಯ ಮಾರಾಯಾ, ಹದಿನಾರು ಅಂದ್ರ ಅಪಾಯದಾಗ ಇದ್ದವ್ರು ಕರೆಯೋ ಚಾನೆಲ್! ಹರಟಿ ಹೊಡಿಯಾಕಲ್ಲ.’

‘ಅದಕ್ಕ ನೋಡ್ರಿ, ಬಾಳ ಕ್ಲಿಯರ್ ಅದ. ಯಾರೂ ಇರಂಗಿಲ್ಲ.’

‘ಯಾರೂ ಇರಬಾರದು ಅಂತನ ಅದನ್ನ ಖಾಲಿ ಇಟ್ಟಾರ.’

‘ಸುಮ್ನ ಖಾಲಿ ಬಿಟ್ಟಾರ?’ ಮಾಲಕನ ಕಣ್ಣು ಅರಳಿತು. ಖಾಲಿ ಜಾಗ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮೂರವರ ಕಣ್ಣು ಅರಳುವ ರೀತಿಯೇ ಬೇರೆ. ರಸ್ತೆ ಪಕ್ಕದಲ್ಲಿ ಒಂದು ಗೇಣು ಬಿಟ್ಟರೆ ಸಂಜೆಗೆ ಅಲ್ಲೊಂದು ಪಾನ್ ಡಬ್ಬಾ ನಿಂತಿರುತ್ತದೆ. ಇನ್ನು ಆಕಾಶದಲ್ಲಿ ಬಿಟ್ಟರೆ?

ನಾವು ಪರವಾನಗಿಯ ಅರ್ಜಿ ಹಾಕಿ, ಹೈದರಾಬಾದಿನಿಂದ ಕ್ರಮವಾಗಿ ಎರಡು ಸೆಟ್ ತರಿಸಿದೆವು. ಒಂದು ದೋಣಿಗೆ, ಒಂದು ದಂಡೆಗೆ. ದಂಡೆಯ ಸೆಟ್ಟಿಗೂ ಬೇರೆ ಅನುಮತಿ ಬರೆಸಿಕೊಂಡೆ. ಅಂಗಡಿಯವನು ಮಾತ್ರ ಇವತ್ತಿಗೂ ಎಲ್ಲರ ಹತ್ತಿರ ಹೇಳುತ್ತಾನಂತೆ: ‘ಪಾಪ, ಆ ಬಾಯಾರು ಬಾಳ ದೇಶ ತಿರುಗ್ಯಾರ, ಆದ್ರ ವ್ಯವಹಾರ ತಿಳಿಯಂಗಿಲ್ಲ.’

೩. ಆರಾಮ್ರೀ?

ದಂಡೆಯ ಸೆಟ್ ಹಿಡಿಯಲು ಅಂಬಿಗ ತನ್ನ ಹೆಂಡತಿಯನ್ನು ಕರೆತಂದ. ಮಾತಿಗೆ ಬಿದ್ದರೆ ಹೊಳೆಯೂ ದಾರಿ ಬಿಡಬೇಕು, ಅಂಥ ಹೆಂಗಸು.

‘ಮೊದಲು ಕೇಳ್ರಿ, ಯಾರೂ ಮಾತಾಡಾಕತ್ತಿಲ್ಲ ಅಂತ ಖಾತ್ರಿ ಮಾಡ್ಕೋರಿ. ಗುಂಡಿ ಒತ್ರಿ, ಒಂದು ಉಸುರು ತಡೀರಿ. ಯಾರನ್ನ ಕರ್ಯಾಕತ್ತೀರಿ, ನೀವು ಯಾರು, ಎಲ್ಲಿದ್ದೀರಿ, ಏನಾಗೇದ, ಅಷ್ಟ. ಓವರ್ ಅಂದು ಗುಂಡಿ ಬಿಡ್ರಿ. ಬಿಡದಿದ್ರ ಎದುರಿನವ್ರ ಮಾತು ನಿಮಗ ಕೇಳಿಸಂಗಿಲ್ಲ’ ಎಂದು ಪಾಠ ಒಪ್ಪಿಸಿದೆ. ನಂತರ ಅಂಬಿಗನನ್ನು ದೋಣಿಯಲ್ಲಿ ಕಳಿಸಿ, ‘ನೀರು ಒಳಗ ಬರಾಕತ್ತದ ಅಂತ ತಿಳ್ಕೊಂಡು ಮಾತಾಡಪಾ’ ಎಂದೆ.

ಅವನು ಶುರುಮಾಡಿದ: ‘ನಮಸ್ಕಾರ್ರಿ ಬಾಯಾರ. ಆರಾಮ್ರೀ? ನಾಷ್ಟಾ ಆತ್ರೀ? ನಿನ್ನಿ ನಿಮ್ಮ ಕಡಿ ಮಳಿ ಬಂತೇನ್ರಿ? ನಿಮ್ಮ ಅಕ್ಕಾರ ಮೊಣಕಾಲ ನೋವು ಹೆಂಗದ್ರಿ?’

‘ಏ, ನಿನ್ನ ದೋಣಿ ಮುಳುಗಾಕತ್ತದ!’

‘ಹೌದ್ರಿ. ಅದನ್ನೂ ಹೇಳಬೇಕಂತನ ಮಾಡಿದ್ದೆ. ಬಂದ ಕೂಡ್ಲೆ ನಮ್ಮದ ಹೇಳ್ಕೊಂಡ್ರ ಚಂದ ಕಾಣಂಗಿಲ್ಲಲ್ರಿ.’

ಹೆಂಡತಿಯ ಸರದಿ ಬಂತು. ಆಕೆಗೆ ಬೇರೆಯೇ ತೊಂದರೆ. ದೋಣಿಯನ್ನು ಹೆಸರು ಹಿಡಿದು ಕರೆಯಬೇಕು. ದೋಣಿಗೆ ಗಂಡ ಇಟ್ಟದ್ದು ತನ್ನದೇ ಹೆಸರು. ಮದುವೆಯಾದಂದಿನಿಂದ ಆ ಹೆಸರನ್ನು ಆಕೆ ಬಾಯಲ್ಲಿ ತಂದಿಲ್ಲ, ಈಗ ಸರಕಾರದ ಕಾಯ್ದೆಗೋಸ್ಕರ ತರುವವಳೂ ಅಲ್ಲ. ಗುಂಡಿ ಒತ್ತಿ, ಸೆರಗು ಸರಿಮಾಡಿಕೊಂಡು, ರಾಗವಾಗಿ ಕರೆದಳು: ‘ಏನ್ರೀ... ಇಲ್ಲ್ ಕೇಳ್ರೀ...’

ಅಷ್ಟರಲ್ಲಿ ಗಡ್ಡಿ ಮುಟ್ಟಿ ತಿರುಗಿದ್ದ ದೋಣಿಯ ತುಂಬ ಅಲ್ಲಿಯ ಜನ. ಅದರಲ್ಲಿದ್ದ ಲಗ್ನವಾದ ಗಂಡಸರೆಲ್ಲ ಬೆಚ್ಚಿ ಎದ್ದು ನಿಂತು, ಒಂದೇ ದನಿಯಲ್ಲಿ ‘ಆಂ?’ ಎಂದರು.

ದೋಣಿ ಅವತ್ತು ಮುಳುಗಲಿಲ್ಲ. ಎಲ್ಲರೂ ಒಂದೇ ಬದಿಗೆ ಎದ್ದದ್ದರಿಂದ ಮುಳುಗುವುದರಲ್ಲಿತ್ತು.

೪. ಹೆಚ್ಚಾಗೇದ

ಇಷ್ಟಾದರೂ ನಿಜವಾದ ತೊಡಕು ಇನ್ನೂ ಬಂದಿರಲಿಲ್ಲ. ಒಂದು ದಿನ ಅಂಬಿಗನ ಹೆಂಡತಿ ದಂಡೆಯಿಂದ, ‘ಬ್ಯಾಟರಿ ಹೆಚ್ಚಾಗೇದ್ರಿ, ಓವರ್’ ಎಂದಳು. ತುಂಬಿದೆ ಎಂದುಕೊಂಡು ದೋಣಿಯಲ್ಲಿ ಕೂತಿದ್ದ ನಾನು ಮಧ್ಯಾಹ್ನದ ತನಕ ಕರೆದೆ, ಕರೆದೆ, ಉತ್ತರವಿಲ್ಲ. ದಂಡೆಗೆ ಬಂದು ನೋಡಿದರೆ ಬ್ಯಾಟರಿ ಸತ್ತು ಕೂತಿದೆ.

ತಲೆ ಚಚ್ಚಿಕೊಂಡೆ. ಇಷ್ಟು ವರ್ಷ ಹೊರಗಿದ್ದು ನನ್ನ ತಾಯಿಮಾತೇ ನನಗೆ ಮರೆತಿತ್ತು. ನಮ್ಮಲ್ಲಿ ಮನೆಯೊಳಗೆ ಯಾವುದೂ ಮುಗಿಯುವುದಿಲ್ಲ. ಅಕ್ಕಿ ಮುಗಿದರೆ ಅಕ್ಕಿ ಹೆಚ್ಚಾಗ್ಯಾವ. ಬಳೆ ಒಡೆದರೆ ಬಳಿ ಹೆಚ್ಚ್ಯಾವ. ಹೊರಡುವವರು ‘ಹೋಗ್ತೇನಿ’ ಎನ್ನುವುದಿಲ್ಲ, ‘ಬರ್ತೇನ್ರಿ’ ಎನ್ನುತ್ತಾರೆ. ಕೆಟ್ಟದ್ದನ್ನು ಕೆಟ್ಟದ್ದೆಂದು ಕರೆದರೆ ಅದು ಅಲ್ಲೇ ಠಿಕಾಣಿ ಹೂಡುತ್ತದೆಂಬ ಭಯ. ಅಡುಗೆಮನೆಯಲ್ಲಿ ಬಹಳ ಸುಂದರವಾದ ನಡವಳಿಕೆ. ರೇಡಿಯೋದಲ್ಲಿ ಇದರಿಂದ ಹೆಣ ಬೀಳುತ್ತದೆ.

‘ನೀರಿನ ಮ್ಯಾಲ ಇದ್ದದ್ದು ಇದ್ದಂಗ ಹೇಳಬೇಕು’ ಎಂದು ಹುಕುಂ ಹೊರಡಿಸಿದೆ. ‘ಡೀಸೆಲ್ ಮುಗದ್ರ ಮುಗದದ ಅನ್ರಿ. ಹೋಗೂದಿದ್ರ ಹೋಗ್ತೇನಿ ಅನ್ರಿ. ಬರ್ತೇನ್ರಿ ಅಂದ್ರ ಎದುರಿನವ್ರು ಕಾಯ್ಕೋತ ಕೂಡ್ತಾರ.’

ಹೆಂಡತಿ ಕಿವಿ ಮುಚ್ಚಿಕೊಂಡಳು. ‘ಗಂಡ ನೀರಿನ ನಡುವ ಕುಂತಾಗ ಮುಗದದ ಅಂತ ನಾ ಅನ್ನಲೇನ್ರಿ? ಯಾವ ಬಾಯಿಲೆ?’

‘ಮತ್ತ ದಿನಾ ಓವರ್, ಓವರ್ ಅಂತೀಯಲ್ಲವಾ? ಅದರ ಅರ್ಥ ಏನು ತಿಳ್ದಿ?’

‘ಇಂಗ್ಲಿಷಿನ್ಯಾಗ ಅಪಶಕುನ ಹತ್ತಂಗಿಲ್ಲ ಬಿಡ್ರಿ’ ಎಂದಳು.

ಅದೇ ಬಿಸಿಯಲ್ಲಿ ‘ಮೇ ಡೇ’ ಪಾಠವನ್ನೂ ಮುಗಿಸಿಬಿಡೋಣವೆಂದು, ಜೀವಕ್ಕೆ ಬಂದಾಗ ಮಾತ್ರ ಈ ಮಾತು, ತಮಾಷೆಗೆ ಕೂಗಿದರೆ ಶಿಕ್ಷೆ, ಕೂಗಿದರೆ ಬಿಡದೆ ಮೂರು ಸಲ ಕೂಗಬೇಕು ಎಂದೆ.

‘ಮೂರು ಸಲ ಯಾಕ್ರಿ?’

‘ಇದು ಖರೇನ ಅಪಾಯ ಅದ ಅಂತ ಕೇಳೂವ್ರಿಗೆ ತಿಳೀಬೇಕಲ್ಲ.’

ಆಕೆ ಗಂಡನ ಕಡೆ ಒಂದು ಸಲ ನೋಡಿ, ನಿಟ್ಟುಸಿರು ಬಿಟ್ಟಳು. ‘ನನಗೂ ಮೂರು ಗಂಟು ಹಾಕಿದ್ರು ನೋಡ್ರಿ. ಚಪ್ಪರದಾಗ ಅಷ್ಟು ಮಂದಿ ಇದ್ರು. ಒಬ್ಬರಿಗೂ ತಿಳೀಲಿಲ್ಲ.’

೫. ಅರ್ಧ ಸಂದೇಶ

ಮುಂದಿನ ವಾರ ದಂಡೆಯಲ್ಲಿ ನಾನೂ ಆಕೆಯೂ ಕೂತಿದ್ದೆವು. ದೋಣಿ ಗಡ್ಡಿಯಿಂದ ಬರುತ್ತಿತ್ತು. ಇದ್ದಕ್ಕಿದ್ದಂತೆ ಸೆಟ್ಟಿನಿಂದ ನಡುಗುವ ದನಿ: ‘ಮೇ...’

ಆಕೆ ಸೆಟ್ಟನ್ನು ಬಾಯಿಗೆ ಒತ್ತಿಕೊಂಡಳು. ‘ಯಾರ್ರಿ ಅದು? ಹೆಸರು ಹೇಳ್ರಿ, ಓವರ್!’

‘ಮೇ... ಮೇ...’

‘ಪೂರ್ತಿ ಹೇಳ್ರಿ! ಡೇ ಅನ್ರಿ, ಡೇ! ಅಯ್ಯ ಶಿವನ, ಬಾಯಾಗ ನೀರು ಹೊಕ್ಕದ ಕಾಣಸ್ತದ, ಡೇ ಅನ್ನಾಕ ಆಗವಲ್ದು!’

ನಾನು ತಡೆಯುವಷ್ಟರಲ್ಲಿ ಆಕೆ ಮೀನುಗಾರರ ಎರಡು ಹರಗೋಲುಗಳನ್ನು ನೀರಿಗಿಳಿಸಿ, ತಾನೂ ಒಂದರಲ್ಲಿ ಹತ್ತಿ ಹೊರಟೇಬಿಟ್ಟಳು. ಇನ್ನೊಂದರಲ್ಲಿ ನಾನೂ ಹಿಂದೆ ಹೋದೆ. ದೋಣಿಯ ಹತ್ತಿರ ಹೋದರೆ ಅಂಬಿಗ ಆರಾಮವಾಗಿ ಎಂಜಿನ್ ಪಕ್ಕ ಕೂತು ತಂಬಾಕು ತಿಕ್ಕುತ್ತಿದ್ದಾನೆ. ಕೊರಳಿಗೆ ಹಾಕಿಕೊಳ್ಳಬೇಕಾದ ಸೆಟ್ಟು ಹಲಗೆಯ ಮೇಲೆ ಬಿದ್ದಿದೆ. ಅದರ ಗುಂಡಿಯ ಮೇಲೆ ಮುಂಗಾಲಿಟ್ಟುಕೊಂಡು, ಆಂಟೆನಾದ ತುದಿ ಮೆಲ್ಲುತ್ತ ಒಂದು ಆಡು ನಿಂತಿದೆ. ಗಡ್ಡಿಯ ಕುರುಬನೊಬ್ಬ ಅದನ್ನು ಸುರಪುರದ ಸಂತೆಗೆ ಒಯ್ಯುತ್ತಿದ್ದ.

ನಾನು ಕುರುಬನಿಗೆ ಕಾಯ್ದೆ ಬಿಡಿಸಿ ಹೇಳಿದೆ: ಪರವಾನಗಿ ಇಲ್ಲದವರು ಸೆಟ್ಟಿನಲ್ಲಿ ಮಾತಾಡುವಂತಿಲ್ಲ, ಸುಳ್ಳು ಅಪಾಯದ ಸಂದೇಶ ಕೊಟ್ಟರೆ ಅಪರಾಧ.

ಕುರುಬ ಆಡಿನ ಕಿವಿ ಸವರಿದ. ‘ಸುಳ್ಳು ಹ್ಯಾಂಗಾತ್ರಿ ಬಾಯಾರ? ಸಂತ್ಯಾಗ ಖಾಟಿಕರು ಕತ್ತಿ ಹಿಡ್ಕೊಂಡು ಕಾಯಾಕತ್ತಾರ. ಅಪಾಯದಾಗ ಇದ್ದದ್ದು ಇಡೀ ದೋಣ್ಯಾಗ ಅದೊಂದ.’

೬. ಸದ್ದಿಲ್ಲದ ಎಂಜಿನ್

ಕಡೆಗೂ ಪರೀಕ್ಷೆಯ ದಿನ ಬಂತು. ಯಾದಗಿರಿಯಿಂದ ಜೀಪಿನಲ್ಲಿ ಸಾಹೇಬರು ಬಂದರು. ಮೈಸೂರು ಕಡೆಯವರು, ಮಾತು ಮೃದು, ಮುಖ ಗಟ್ಟಿ. ಅವತ್ತು ಹೊಳೆ ಇನ್ನೂ ತುಂಬಿರಲಿಲ್ಲ, ಹಾಗಾಗಿ ಯಾರ ಜೀವಕ್ಕೂ ಅಪಾಯವಿರಲಿಲ್ಲ. ದೋಣಿಯ ಪರವಾನಗಿಯ ಜೀವ ಮಾತ್ರ ಗಂಟಲಿಗೆ ಬಂದಿತ್ತು. ಅಂಬಿಗ ಮುಂಜಾನೆಯಿಂದ ಒಂದು ತುತ್ತೂ ತಿಂದಿರಲಿಲ್ಲ. ಆದರೆ ಸಾಹೇಬರನ್ನು ನೋಡಲು ಬರಬೇಕೆಂದ ಗಡ್ಡಿಯ ಜನರನ್ನೆಲ್ಲ ಬಾರಿ ಬಾರಿಗೂ ದಂಡೆಗೆ ತಂದು ಇಳಿಸಿದ್ದ. ಇಡೀ ಊರೇ ದಂಡೆಯ ಮೇಲಿತ್ತು. ಅಷ್ಟು ಸಲ ಓಡಾಡಿದರೆ ದೋಣಿಯ ಹೊಟ್ಟೆಯೂ ಖಾಲಿಯಾಗುತ್ತದೆಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಸಾಹೇಬರು ದೋಣಿ ಹತ್ತಿದರು. ತೇಲುವ ಜಾಕೀಟು ಕೊಟ್ಟರೆ, ಫೋಟೋದಲ್ಲಿ ದಪ್ಪ ಕಾಣುತ್ತೆ ಎಂದು ಬಿಚ್ಚಿ ಪಕ್ಕಕ್ಕಿಟ್ಟರು. ನಾನೂ ಅಂಬಿಗನ ಹೆಂಡತಿಯೂ ಸೆಟ್ ಹಿಡಿದು ದಂಡೆಯಲ್ಲಿ ನಿಂತೆವು. ಹೊಳೆಯ ನಡುವಿನಿಂದ ಅಂಬಿಗ ಕರೆದ. ಆರಾಮ್ರೀ ಇಲ್ಲ, ನಾಷ್ಟಾ ಇಲ್ಲ. ಹೆಸರು, ಜಾಗ, ವಿಷಯ, ಓವರ್. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

‘ಪರವಾಗಿಲ್ಲ. ಇಲ್ಲಿ ಕೊಡಪ್ಪ, ಸರಿಯಾಗಿ ಹೇಗೆ ಹಿಡಿಯೋದು ಅಂತ ತೋರಿಸ್ತೀನಿ’ ಎಂದು ಸಾಹೇಬರು ಸೆಟ್ ಇಸಿದುಕೊಂಡರು. ಹಿಡಿದರು. ಗಟ್ಟಿಯಾಗಿ ಹಿಡಿದರು. ಗುಂಡಿಯ ಸಮೇತ.

ಮೊಂಬಾಸಾದ ಕ್ಯಾಪ್ಟನ್ ನೆನಪಾದ. ಅವನಾದರೂ ನಿದ್ದೆ ಮಾಡಿದ್ದ, ಇವರು ಮಾತಾಡತೊಡಗಿದರು.

‘ನೋಡಪ್ಪ, ನಿಜ ಹೇಳ್ತೀನಿ, ಈ ದೋಣಿ ನಿಲ್ಲಿಸೋಣ ಅಂತಲೇ ಬಂದೆ ನಾನು. ಈ ಕಡೆ ಜನಕ್ಕೆ ರೇಡಿಯೋ ಶಿಸ್ತು ಬರಲ್ಲ. ಒಂದು ಸಲ ಗುಂಡಿ ಒತ್ತಿದ್ರೆ ಬಿಡೋಕೇ ಗೊತ್ತಾಗಲ್ಲ. ಇನ್ನು ಆ ಮೇಡಂ, ಹಡಗಲ್ಲಿ ರೇಡಿಯೋ ನೋಡ್ತಿದ್ರೋ ತರಕಾರಿ ಹೆಚ್ತಿದ್ರೋ ಯಾರಿಗೆ ಗೊತ್ತು!’

ದಂಡೆಯ ಮೇಲಿನ ಇಡೀ ಊರು ತಿರುಗಿ ನನ್ನ ಮುಖ ನೋಡಿತು. ಗುಂಡಿ ಬಿಡ್ರಿ ಎಂದು ಹೇಳೋಣವೆಂದರೆ, ಗುಂಡಿ ಬಿಡುವ ತನಕ ಅವರಿಗೆ ನಮ್ಮ ಮಾತು ಕೇಳಿಸುವಂತಿಲ್ಲ. ಕೈ ಬೀಸಿದೆವು. ಅವರೂ ಬಹಳ ಪ್ರೀತಿಯಿಂದ ತಿರುಗಿ ಬೀಸಿದರು.

ಅಷ್ಟರಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಅಂಬಿಗನ ಸಣ್ಣ ದನಿ ಕೇಳಿತು. ನಾನು ಕಲಿಸಿದ್ದೆಲ್ಲ ಆ ಗಾಬರಿಯಲ್ಲಿ ಹೊಳೆಪಾಲಾಗಿ, ಅವನ ಅವ್ವ ಕಲಿಸಿದ್ದೊಂದೇ ಉಳಿದಿತ್ತು.

‘ಸಾಹೇಬ್ರ... ಡೀಸೆಲ್ ಹೆಚ್ಚಾಗೇದ್ರಿ.’

‘ಹೆಚ್ಚಾಗಿದೆಯಾ? ಒಳ್ಳೇದೇ ಆಯ್ತಲ್ಲ! ಹಾಗಾದ್ರೆ ಇನ್ನೊಂದು ಸುತ್ತು ಹೋಗೋಣ.’

‘ಸುತ್ತು ಅದರಷ್ಟಕ್ಕ ಅದ ಹೊಂಟದ್ರಿ.’

ನನ್ನ ಪಕ್ಕದಲ್ಲಿದ್ದ ಅಂಬಿಗನ ಹೆಂಡತಿಗೆ ಒಂದೇ ಮಾತಿನಲ್ಲಿ ಎಲ್ಲ ತಿಳಿಯಿತು. ಡೀಸೆಲ್ ಡಬ್ಬಿ ಎತ್ತಿಕೊಂಡು ಹರಗೋಲಿಗೆ ಓಡಿದಳು. ಹೊಳೆಯ ನಡುವೆ ದೋಣಿ ನಿಧಾನಕ್ಕೆ ತಿರುಗುತ್ತ ಮರಳದಿಣ್ಣೆಯ ಕಡೆ ತೇಲುತ್ತಿತ್ತು. ಸೆಟ್ಟಿನಿಂದ ಸಾಹೇಬರ ತೃಪ್ತಿಯ ದನಿ ಬರುತ್ತಲೇ ಇತ್ತು.

‘ಏನಯ್ಯಾ ಇದು, ಎಂಜಿನ್ ಸದ್ದೇ ಇಲ್ಲ! ಇಷ್ಟು ನಯವಾಗಿ ಓಡೋ ಎಂಜಿನ್ ನಾನು ಎಲ್ಲೂ ನೋಡಿಲ್ಲ. ಯಾರು ಇದನ್ನ ನೋಡ್ಕೊಳ್ಳೋದು?’

‘ಇಷ್ಟೊತ್ತಿನ ತನಕ ನಾನ ನೋಡ್ಕೋತಿದ್ದೆರಿ. ಈಗ ದೇವ್ರು ನೋಡಾಕತ್ತಾನ.’

‘ಸರಿ, ದಂಡೆಗೆ ತಿರುಗಿಸು.’

‘ಅದನ್ನೂ ಅವನಿಗೇ ಹೇಳಬೇಕ್ರಿ.’

ಸೆಟ್ಟಿನಲ್ಲಿ ಹಲಗೆಗೆ ನೀರು ಬಡಿಯುವ ಸದ್ದು. ಆಮೇಲೆ ಸಾಹೇಬರ ದನಿ, ಈಗ ಎಷ್ಟೋ ಸಣ್ಣದಾಗಿ: ‘ಹೆಚ್ಚಾಗಿದೆ ಅಂದ್ಯಲ್ಲ, ಎಷ್ಟು ಹೆಚ್ಚಾಗಿದೆ?’

‘ಒಂದು ಹನೀನೂ ಇಲ್ಲರಿ, ಅಷ್ಟು ಹೆಚ್ಚಾಗೇದ.’

‘ಅಯ್ಯೋ! ಮುಗಿದಿದೆ ಅಂತ ಹೇಳೋಕೆ ಏನಾಗಿತ್ತೋ ನಿನಗೆ?’

‘ದೊಡ್ಡ ಮನುಷ್ಯಾರನ್ನ ದೋಣ್ಯಾಗ ಕೂಡಿಸ್ಕೊಂಡು ಮುಗದದ ಅಂತ ಹ್ಯಾಂಗ ಅನ್ನಬೇಕ್ರಿ?’

‘ಜಾಕೀಟು! ಆ ಜಾಕೀಟು ಎಲ್ಲಿಟ್ಟೆ? ನನಗೆ ಈಜು ಬರಲ್ಲ ಕಣಪ್ಪ!’

ಈ ಮಾತು ದಂಡೆಯ ಮೇಲೆ ನಿಂತಿದ್ದ ಸಾಹೇಬರ ಜವಾನನಿಗೂ, ಜೀಪಿನ ಡ್ರೈವರಿಗೂ ಸ್ಪಷ್ಟವಾಗಿ ಕೇಳಿಸಿತು. ಇಬ್ಬರೂ ಬಹಳ ವಿನಯದಿಂದ ಬೆನ್ನು ತಿರುಗಿಸಿ ನಿಂತರು. ಭುಜಗಳು ಮಾತ್ರ ಕುಣಿಯುತ್ತಿದ್ದವು. ಅಷ್ಟರಲ್ಲಿ ಹರಗೋಲು ದೋಣಿಯನ್ನು ಮುಟ್ಟಿತು. ಸೆಟ್ಟಿನಲ್ಲಿ ಅಂಬಿಗನ ಹೆಂಡತಿಯ ದನಿ: ‘ಸಾಹೇಬ್ರ, ಡೀಸೆಲ್ ತಂದೀನ್ರಿ. ಜರಾ ಆ ಗುಂಡಿ ಬಿಡ್ರಿ, ಬಾಳೊತ್ತಾತು ಒತ್ತಿ.’

‘ಟಕ್’ ಎಂದು ಸದ್ದಾಗಿ ಗಾಳಿ ಸ್ವಚ್ಛವಾಯಿತು.

ದಂಡೆಗೆ ಬಂದಿಳಿದಾಗ ಸಾಹೇಬರ ಮೈಮೇಲೆ ಒಂದಲ್ಲ, ಎರಡು ಜಾಕೀಟು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: ‘ಮೇಡಂ, ಎಷ್ಟು ಕೇಳಿಸ್ತು?’

‘ತರಕಾರಿಯಿಂದ ಈಜಿನ ತನಕ, ಸರ್. ನನ್ನ ಸರ್ವಿಸಿನಲ್ಲೇ ಇಷ್ಟು ಕ್ಲಿಯರ್ ಸಿಗ್ನಲ್ ಬಂದಿರಲಿಲ್ಲ’ ಎಂದೆ.

ಅವರು ದಂಡೆ ತುಂಬಿ ನಿಂತ ಜನರನ್ನು ನೋಡಿದರು. ಕೆಮ್ಮಿದರು. ‘ಒಟ್ಟಿನಲ್ಲಿ ಸಂದೇಶ ತಲುಪಿತು, ಸಹಾಯ ಬಂತು. ರೇಡಿಯೋದ ಉದ್ದೇಶವೇ ಅದು. ದೋಣಿ ಓಡಲಿ. ಆದರೆ ಡೀಸೆಲ್ ಇನ್ನೊಮ್ಮೆ ಹೆಚ್ಚಾಗಬಾರದು, ತಿಳೀತಾ?’

ಅಂಬಿಗ ಅವರ ಕಾಲಿಗೇ ಬಿದ್ದ. ಗಡ್ಡಿಯವರು ಸೀಟಿ ಹೊಡೆದರು. ಅಂಬಿಗನ ಹೆಂಡತಿ ಮುಂದೆ ಬಂದು ಕೈಮುಗಿದಳು. ಸಾಹೇಬರು ಜೀಪು ಹತ್ತುತ್ತ, ರೂಢಿಯಂತೆ ‘ಬರ್ತೀನಮ್ಮ’ ಎಂದರು.

ನಾನು ಇಷ್ಟು ದಿನ ಕಲಿಸಿದ ಪಾಠ ಆಕೆಗೆ ಫಲ ಕೊಟ್ಟದ್ದು ಆ ಗಳಿಗೆಯಲ್ಲಿ. ಕಣ್ಣರಳಿಸಿ ಕೇಳಿದಳು: ‘ಬರ್ತೀರೇನ್ರಿ ಸಾಹೇಬ್ರ? ಯಾವಾಗ ಬರ್ತೀರಿ? ದೋಣಿ ತಯಾರ್ ಇಡಸ್ಲೇನು?’

ಸಾಹೇಬರು ಒಂದು ಸಲ ಹೊಳೆಯನ್ನು ನೋಡಿದರು.

‘ಇಲ್ಲಮ್ಮ. ಹೋಗ್ತೀನಿ.’

ಮುದುಕಿಯರು ಬಾಯಿ ಮೇಲೆ ಕೈಯಿಟ್ಟುಕೊಂಡರು. ‘ಅಯ್ಯ, ಹಂಗನಬಾರದ್ರಿ ಸಾಹೇಬ್ರ, ಬಿಡ್ತು ಅನ್ರಿ!’

‘ಹೋಗ್ತೀನಿ, ಹೋಗ್ತೀನಿ!’ ಎಂದವರೇ ಜೀಪಿನ ಬಾಗಿಲು ಹಾಕಿಕೊಂಡರು.

ನಾನು ಲೆಕ್ಕ ಹಿಡಿದೆ. ಬಿಡದೆ ಮೂರು ಸಲ. ನನ್ನ ತರಬೇತಿಯಲ್ಲಿ ಅಪಾಯದ ಸಂದೇಶವನ್ನು ಕಾಯ್ದೆಯ ಪ್ರಕಾರ ಕೊಟ್ಟವರು ಅವರೊಬ್ಬರೇ.